ಸಾರ್ ಬೆಲ್ಟು

ಬೆಲ್ಟ್ ಬಿಚ್ಚಮ್ಮ ಎಂದೆ. ಹುಡುಗಿ ಬಿಚ್ಚಲಿಲ್ಲ. ಸೊಂಟ ನೋವೆಂದು ಬಂದವಳು ಸೊಂಟವನ್ನೇ ತೋರಿಸುವುದಿಲ್ಲ ಎಂದರೆ ನಾನೇನು ಅಂಗೈ ನೋಡಿ ಹೇಳಬೇಕೇ? ಪಕ್ಕದಲ್ಲಿದ್ದ ತಾಯಿ ಗದರಿದ ಮೇಲೆ ಒಲ್ಲದ ಮನಸ್ಸಿನಿಂದ ಬಿಚ್ಚಿದಳು. ಗೇಣಗಲದ ಕಪ್ಪು ಬೆಲ್ಟು, ಒಳಗೆ ಉಕ್ಕಿನ ಪಟ್ಟಿಗಳು. ಹೊಲಿಗೆ ಬಿಟ್ಟ ಕಡೆಯಲ್ಲೆಲ್ಲ ಬೇರೆ ಬೇರೆ ಬಣ್ಣದ ದಾರ. ಹಲವರ ಬೆವರು ಕುಡಿದ ವಾಸನೆ. ಅದನ್ನು ಕುರ್ಚಿಯ ಮೇಲೆ ಎಸೆಯಲಿಲ್ಲ, ತಾಯಿಯ ಕೈಗೂ ಕೊಡಲಿಲ್ಲ. ನೀಟಾಗಿ ಸುತ್ತಿ ತಲೆಯ ಹತ್ತಿರವೇ ಇಟ್ಟುಕೊಂಡು ಮಂಚದ ಮೇಲೆ ಬೋರಲು ಮಲಗಿದಳು.

ಹೊಸೂರಿನ ಪಕ್ಕದ ಮತ್ತಿಗಿರಿಯಲ್ಲಿ ಒಂದು ಔಷಧದ ಅಂಗಡಿಯ ಮೇಲಿನ ಮಹಡಿಯಲ್ಲಿ ನನ್ನ ಫಿಸಿಯೋಥೆರಪಿ ಕ್ಲಿನಿಕ್ ಇದೆ. ಕಾರ್ಖಾನೆಯಲ್ಲಿ ನಿಂತು, ಬಗ್ಗಿ, ಭಾರ ಎತ್ತಿ ಸೊಂಟ ಹಿಡಿಸಿಕೊಂಡವರೇ ಬರುವವರಲ್ಲಿ ಹೆಚ್ಚು. ಅವರ ಮಧ್ಯೆ ಪ್ಲಸ್ ಟು ಓದುವ ಈ ಹುಡುಗಿ ಬಂದು ಕೂತಾಗ, ತಾಯಿಗೆ ನೋವು, ಜೊತೆಗೆ ಮಗಳು ಬಂದಿದ್ದಾಳೆ ಎಂದುಕೊಂಡೆ. ತಳಿ ಕಡೆಯ ಹಳ್ಳಿ ಅವರದು. ತಾಯಿ ಗುಲಾಬಿ ಬೆಳೆಯುವ ಪಾಲಿಹೌಸಿಗೆ ಕೆಲಸಕ್ಕೆ ಹೋಗುತ್ತಾರೆ. ಮಗಳು ಜೂಡೋ ಆಡುತ್ತಾಳೆ. ಕೃಷ್ಣಗಿರಿಯಲ್ಲಿ ನಡೆಯುವ ಜಿಲ್ಲಾ ಆಯ್ಕೆಯಲ್ಲಿ ಗೆದ್ದು ರಾಜ್ಯ ಮಟ್ಟದಲ್ಲಿ ಆಡಿದರೆ ಸೇಲಂನ ಕಾಲೇಜೊಂದರಲ್ಲಿ ಕ್ರೀಡಾ ಕೋಟಾದ ಸೀಟು, ಜೊತೆಗೆ ಹಾಸ್ಟೆಲು. ಇಲ್ಲವಾದರೆ ತಾಯಿಯ ಜೊತೆ ಪಾಲಿಹೌಸು. ಆಯ್ಕೆಗೆ ಆರೇ ವಾರ ಉಳಿದಿತ್ತು.

ತಾಯಿ ಬ್ಯಾಗಿನಿಂದ ಎಂಆರ್‌ಐ ಫಿಲ್ಮಿನ ದೊಡ್ಡ ಕವರು ತೆಗೆದು ಕೊಟ್ಟರು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಬೆನ್ನುಮೂಳೆಯ ಎರಡೆರಡು ಎಲುಬುಗಳ ನಡುವೆ ಮೆತ್ತೆಯ ಹಾಗೆ ಒಂದೊಂದು ಡಿಸ್ಕ್ ಇರುತ್ತದೆ. ಅದರಲ್ಲಿ ನೀರಿನಂಶ ಚೆನ್ನಾಗಿದ್ದರೆ ಫಿಲ್ಮಿನಲ್ಲಿ ಬೆಳ್ಳಗೆ ಕಾಣುತ್ತದೆ, ಒಣಗಿದಷ್ಟೂ ಕಪ್ಪಾಗುತ್ತದೆ. ಈ ಹುಡುಗಿಯದು ಮೇಲಿನವೆಲ್ಲ ಬೆಳ್ಳಗಿದ್ದವು. ತಳದ ಎರಡು ಕಪ್ಪಗಿದ್ದವು. ಅವುಗಳಲ್ಲಿ ಮೇಲಿನದು ಹಿಂದಕ್ಕೆ, ಎಡಗಡೆಗೆ ಉಬ್ಬಿ, ಕಾಲಿಗಿಳಿಯುವ ನರವನ್ನು ಮುಟ್ಟುವಂತಿತ್ತು. ದೊಡ್ಡ ಆಸ್ಪತ್ರೆಯ ಮೂಳೆ ಡಾಕ್ಟರೊಬ್ಬರು ಇದನ್ನು ನೋಡಿ, ಆಟ ಬಿಡಿಸಿ ಮದುವೆ ಮಾಡಿ, ಜಾಸ್ತಿಯಾದರೆ ಆಪರೇಷನ್ ಮಾಡೋಣ ಎಂದರಂತೆ. ಮಲಗಿಸಿ ನೋಡಿದರಾ ಎಂದು ಕೇಳಿದೆ. ಇಲ್ಲವಂತೆ. ಕಾಲು ಎತ್ತಿಸಿದರಾ? ಇಲ್ಲ. ಬೆನ್ನು ಮುಟ್ಟಿದರಾ? ಅದೂ ಇಲ್ಲ. ಫಿಲ್ಮು ನೋಡಿದರು, ಕಂಪ್ಯೂಟರು ನೋಡಿದರು, ತಾಯಿಯ ಮುಖ ನೋಡಿದರು. ಯಾರ ಬೆನ್ನೋ ಅವಳೊಬ್ಬಳನ್ನು ಬಿಟ್ಟು ಮಿಕ್ಕಿದ್ದೆಲ್ಲ ನೋಡಿದ್ದರು.

ಕಪ್ಪು ಡಿಸ್ಕ್ ಇದ್ದವರಿಗೆಲ್ಲ ನೋವಿರುವುದಿಲ್ಲ. ಕುಸ್ತಿ, ಜೂಡೋ ಆಡುವವರಲ್ಲಿ ಎಷ್ಟೋ ಜನ, ಫಿಲ್ಮು ಹೀಗಿದ್ದರೂ, ಆರಾಮಾಗಿ ಆಡಿಕೊಂಡಿರುತ್ತಾರೆ. ಡಿಸ್ಕಿನ ಸುತ್ತ ಇರುವ ಸ್ನಾಯುಗಳು ಹೇಗಿವೆ ಎನ್ನುವುದನ್ನು ನೋಡದೆ ಫಿಲ್ಮಿನ ಮೇಲೆ ತೀರ್ಪು ಕೊಡಬಾರದು. ಹಾಗಾಗಿ ಕೈಯಿಟ್ಟು ನೋಡಿದೆ. ಬೆನ್ನುಮೂಳೆಗೆ ಅಂಟಿಕೊಂಡಂತೆ ಒಳಗೆ ಸಣ್ಣ ಸಣ್ಣ ಸ್ನಾಯುಗಳಿವೆ, ಒಂದೊಂದು ಎಲುಬನ್ನೂ ಅದರ ಜಾಗದಲ್ಲಿ ಹಿಡಿದಿಡುವುದು ಅವುಗಳ ಕೆಲಸ. ಬಲಗಡೆ ಬೆರಳಿಗೆ ತುಂಬಿಕೊಂಡು ಸಿಕ್ಕವು. ಎಡಗಡೆ ಬೆರಳು ಒಳಕ್ಕೆ ಇಳಿದುಹೋಯಿತು. ಮಗ್ಗುಲಾಗಿ ಮಲಗಿ, ಮೊಣಕೈ ಊರಿ, ಸೊಂಟ ಎತ್ತಿ ಹಿಡಿ ಎಂದೆ. ಬಲಮಗ್ಗುಲಲ್ಲಿ ಹಲಗೆಯಂತೆ ನಿಂತಳು. ಎಡಮಗ್ಗುಲಿಗೆ ತಿರುಗಿಸಿದರೆ ನಡುಗಿ ಕುಸಿದಳು. ಹೊಟ್ಟೆಯ ಮೇಲಿನ ಸ್ನಾಯುಗಳು ಮಾತ್ರ ಕಲ್ಲಿನ ಹಾಗಿದ್ದವು. ಮಲಗಿ ಏಳುವ ಸಿಟ್‌ಅಪ್ ವ್ಯಾಯಾಮ ಎಷ್ಟು ಮಾಡ್ತೀಯಾ ಎಂದರೆ, ಸಾರ್ ಸಾಕು ಅನ್ನೋ ತನಕ ಎಂದಳು. ಬೆನ್ನು ನೋಯುತ್ತಿದೆ ಎಂದು ಹೇಳಿದ ಮೇಲೆ ಆ ಸಾರ್, ಅಂದರೆ ಜೂಡೋ ಕೋಚ್, ಅದನ್ನು ಇನ್ನೂ ಹೆಚ್ಚಿಸಿದ್ದರಂತೆ.

ಆಗಲೇ ಬೆಲ್ಟಿನ ಕಥೆ ಹೊರಬಿತ್ತು. ಅದು ಅವರ ಕೋಚ್ ಆಟಗಾರರಾಗಿದ್ದಾಗ ಕಟ್ಟಿಕೊಂಡಿದ್ದ ಬೆಲ್ಟು. ಸೊಂಟ ನೋವಿನಲ್ಲೇ ಅದನ್ನು ಬಿಗಿದುಕೊಂಡು ಆಡಿ ರಾಜ್ಯ ಮಟ್ಟದಲ್ಲಿ ಮೆಡಲ್ ತಂದವರು ಅವರು. ಆಮೇಲೆ ತರಬೇತಿಯ ಹಾಲಿನಲ್ಲಿ ಅದೊಂದು ಪದ್ಧತಿಯಾಗಿಬಿಟ್ಟಿತ್ತು. ಯಾರು ಬೆನ್ನು ನೋವಿದ್ದರೂ ಬಾಯಿ ಬಿಡದೆ ಆಡುತ್ತಾರೋ ಅವರನ್ನು ಎಲ್ಲರೆದುರು ನಿಲ್ಲಿಸಿ ಕೋಚ್ ತಮ್ಮ ಕೈಯಾರೆ ಬೆಲ್ಟು ಕಟ್ಟುವುದು, ಮಿಕ್ಕ ಮಕ್ಕಳು ಚಪ್ಪಾಳೆ ತಟ್ಟುವುದು. ಅದಕ್ಕೆ ಸಾರ್ ಬೆಲ್ಟು ಎಂದೇ ಹೆಸರು. ಈ ಹುಡುಗಿ ಅದಕ್ಕಾಗಿ ಎರಡು ವರ್ಷ ಆಸೆಪಟ್ಟಿದ್ದಳಂತೆ. ಅಂದರೆ ಬೆನ್ನು ಹಾಳಾಗಲಿ ಎಂದು ಎರಡು ವರ್ಷ ಕಾದಿದ್ದಳು! ನನಗೆ ಮೈಯೆಲ್ಲ ಉರಿದುಹೋಯಿತು. ರೋಗಕ್ಕೆ ಮದ್ದು ಕೊಡುವವರನ್ನು ನೋಡಿದ್ದೇನೆ, ಕೊಡದವರನ್ನೂ ನೋಡಿದ್ದೇನೆ. ರೋಗಕ್ಕೆ ಸನ್ಮಾನ ಮಾಡುವವರನ್ನು ನೋಡಿದ್ದು ಅದೇ ಮೊದಲು.

ಮಾರನೆಯ ದಿನ ಕೋಚ್ ಫೋನ್ ಮಾಡಿದರು. ಮಾತು ವಿನಯವಾಗಿಯೇ ಇತ್ತು. ಆಯ್ಕೆಯ ಹೊತ್ತಿಗೆ ರೆಡಿ ಮಾಡಿ ಕೊಡಿ ಮೇಡಮ್ ಎಂದರು, ಗಾಡಿಯನ್ನು ಸರ್ವೀಸಿಗೆ ಬಿಟ್ಟವರು ಕೇಳುವ ಹಾಗೆ. ಫಿಲ್ಮಿನಲ್ಲಿ ಕಂಡದ್ದನ್ನು ವಿವರಿಸಿದೆ. ಎಲ್ಲ ಕೇಳಿಸಿಕೊಂಡು ತಮಿಳಿನಲ್ಲಿ "ಒಣ್ಣುಮಿಲ್ಲೆ ಮೇಡಮ್" ಎಂದರು. ಏನೂ ಇಲ್ಲ, ಅಷ್ಟೇ. ಆ ತರಬೇತಿ ಹಾಲಿನ ಮಕ್ಕಳೆಲ್ಲ, ಮನೆಯಲ್ಲಿ ಕನ್ನಡವಾಡುವವರು, ತೆಲುಗಾಡುವವರು, ಎಲ್ಲರೂ ನೋವು ಎಂದಾಗ ಇದೊಂದೇ ಮಾತು ಹೇಳುತ್ತಾರೆ ಎಂದು ನನಗೆ ಆಮೇಲೆ ತಿಳಿಯಿತು.

ಕೆಲಸ ಶುರು ಮಾಡಿದೆ. ಸಿಟ್‌ಅಪ್ ಬಂದ್, ಎತ್ತಿ ಒಗೆಯುವುದು ಬಂದ್, ಬೆಲ್ಟು ಕಟ್ಟುವುದು ಬಂದ್, ತರಬೇತಿ ಹಾಲಿನ ಕಡೆ ತಲೆ ಹಾಕಿ ಮಲಗುವುದೂ ಬಂದ್ ಎಂದೆ. ಮೊದಲು ಉಸಿರಾಟ. ಅಂಗಾತ ಮಲಗಿಸಿ, ಬಿಪಿ ನೋಡುವ ಯಂತ್ರದ ಪಟ್ಟಿಯನ್ನು ಮಡಿಸಿ ಸೊಂಟದ ಕೆಳಗಿಟ್ಟು, ಸ್ವಲ್ಪ ಗಾಳಿ ತುಂಬಿದೆ. ಒಂದೊಂದೇ ಕಾಲನ್ನು ನಿಧಾನಕ್ಕೆ ಎತ್ತಿ ಇಳಿಸಬೇಕು, ಯಂತ್ರದ ಮುಳ್ಳು ಅಲುಗಬಾರದು. ಮುಳ್ಳು ಅಲುಗಿತೆಂದರೆ ಸೊಂಟ ತನ್ನ ಜಾಗ ಬಿಟ್ಟಿತು ಎಂದರ್ಥ. ತನಗಿಂತ ದಪ್ಪದವರನ್ನು ಹೆಗಲ ಮೇಲಿಂದ ಎತ್ತಿ ನೆಲಕ್ಕೆ ಕೆಡವುತ್ತಿದ್ದ ಹುಡುಗಿ, ತನ್ನ ಕಾಲನ್ನು ತಾನು ಎತ್ತಲಾರದೆ ಹಲ್ಲು ಕಚ್ಚಿದಳು. ಮುಳ್ಳು ಒಂದೇ ಸಮನೆ ಕುಣಿಯಿತು. ಇದೆಂಥ ಆಟ ಮೇಡಮ್, ಮುದುಕೀರಿಗೆ ಮಾಡ್ಸೋದು ಎಂದು ಮೂತಿ ತಿರುವಿದಳು. ಮುದುಕಿಯರು ನಿನಗಿಂತ ಚೆನ್ನಾಗಿ ಮಾಡ್ತಾರೆ ಎಂದೆ. ಅದು ನಿಜವೂ ಆಗಿತ್ತು.

ಆದರೆ ಹಟಮಾರಿ. ಆ ಹಟವೇ ಅವಳನ್ನು ಉಳಿಸಿದ್ದು, ಆ ಹಟವೇ ಕೆಡಿಸಿದ್ದು. ಮೂರನೇ ವಾರಕ್ಕೆ ಮುಳ್ಳು ನಿಂತಿತು. ಕೈ ಮತ್ತು ಮೊಣಕಾಲೂರಿ ಒಂದು ಕೈ, ಅದರ ಎದುರಿನ ಕಾಲು ಚಾಚಿ ಹಿಡಿಯುವುದು, ಮೊಣಕಾಲೂರಿ ಎಡಮಗ್ಗುಲು ಎತ್ತಿ ಹಿಡಿಯುವುದು, ಬೆನ್ನು ಬಗ್ಗಿಸದೆ ತೊಡೆಯ ಸಂದಿನಿಂದ ಬಾಗಿ ಬಕೆಟ್ ಎತ್ತುವುದು, ಒಂದೊಂದಾಗಿ ಬಂದವು. ಬೆಳಿಗ್ಗೆ ಎದ್ದ ಕೂಡಲೇ ಹಿಡಿದುಕೊಳ್ಳುತ್ತಿದ್ದ ನೋವು ಕಡಿಮೆಯಾಯಿತು. ತಾಯಿಯ ಮುಖದಲ್ಲಿ ನಗು ಕಂಡಿತು. ನನಗೂ ಸಮಾಧಾನವಾಯಿತು. ಅಷ್ಟರಲ್ಲೇ ಎಡವಟ್ಟಾಯಿತು.

ಆಯ್ಕೆಗೆ ಎರಡು ವಾರ ಇರುವಾಗ ಒಂದು ಬೆಳಿಗ್ಗೆ ಮೆಟ್ಟಿಲು ಹತ್ತಲಾರದೆ ಗೋಡೆ ಹಿಡಿದುಕೊಂಡು ಬಂದಳು. ಸೊಂಟದಲ್ಲಿ ಮತ್ತೆ ಅದೇ ಬೆಲ್ಟು. ನೋವು ಈಗ ಎಡತೊಡೆಯಿಂದ ಪಾದದವರೆಗೆ ಇಳಿದಿತ್ತು. ಏನು ಮಾಡಿದೆ ಎಂದರೆ ಒಣ್ಣುಮಿಲ್ಲೆ ಎಂದಳು. ಗದರಿದ ಮೇಲೆ ಬಾಯಿಬಿಟ್ಟಳು. ಕೋಚ್ ಕರೆದಿದ್ದರು, ಒಂದು ಸಲ ನೋಡೋಣ ಎಂದಿದ್ದರು. ಹೋಗಿ, ಬೆಲ್ಟು ಬಿಗಿದುಕೊಂಡು, ಜೊತೆಗಾತಿಯನ್ನು ಬೆನ್ನ ಮೇಲೆ ಹೊತ್ತು ಹಾಲಿನ ತುಂಬ ಓಡಿ, ಆಮೇಲೆ ಒಂದೇ ಸಮನೆ ಎತ್ತಿ ಎತ್ತಿ ಒಗೆದಿದ್ದಳು. ಬೆಲ್ಟು ಇದ್ದುದರಿಂದ ಆಗ ನೋವೇ ಗೊತ್ತಾಗಲಿಲ್ಲವಂತೆ. ಗೊತ್ತಾಗುವುದು ಹೇಗೆ? ನೋವು ಹೇಳುವ ಬಾಯಿಯನ್ನೇ ಕಟ್ಟಿ ಹಾಕಿದ್ದರು.

ಎರಡೂ ಕಾಲಿನ ಹೆಬ್ಬೆರಳನ್ನು ಮೇಲಕ್ಕೆತ್ತಲು ಹೇಳಿ, ನನ್ನ ಬೆರಳಿನಿಂದ ಕೆಳಕ್ಕೆ ಒತ್ತಿದೆ. ಬಲದ್ದು ಬಗ್ಗಲಿಲ್ಲ. ಎಡದ್ದು ಸುಲಭವಾಗಿ ಬಗ್ಗಿತು. ಅದು ಬರಿಯ ನೋವಲ್ಲ, ನರ ಸೋಲುತ್ತಿರುವುದರ ಗುರುತು. ಇಂಥದ್ದನ್ನು ಇಟ್ಟುಕೊಂಡು ನಾನು ವ್ಯಾಯಾಮ ಮಾಡಿಸುತ್ತಾ ಕೂರುವಂತಿಲ್ಲ. ಬೆಲ್ಟು ಬಿಚ್ಚಿ ಕಪಾಟಿನಲ್ಲಿಟ್ಟು, ತಾಯಿಗೆ ಫೋನ್ ಮಾಡಿ, ಆಟೋ ಕರೆಸಿ, ಅವತ್ತೇ ಕೃಷ್ಣಗಿರಿಯ ಸರ್ಕಾರಿ ಆಸ್ಪತ್ರೆಗೆ ಕಳಿಸಿದೆ. ಅಲ್ಲಿಯ ಡಾಕ್ಟರು ಮಲಗಿಸಿ, ಕಾಲೆತ್ತಿಸಿ, ಬೆರಳು ಬೆರಳೂ ಒತ್ತಿ ನೋಡಿದರಂತೆ. ಈಗಲೇ ಆಪರೇಷನ್ ಬೇಡ, ಮಾತ್ರೆ ಮತ್ತು ವಿಶ್ರಾಂತಿಯಲ್ಲಿ ಕಾದು ನೋಡೋಣ, ಆದರೆ ಶಕ್ತಿ ಇನ್ನೂ ಕಡಿಮೆಯಾದರೆ, ಒಂದಕ್ಕೆ ಹೋಗಲು ತೊಂದರೆಯಾದರೆ, ತೊಡೆಯ ಸಂದಿಯಲ್ಲಿ ಮರಗಟ್ಟಿದರೆ ಆ ಕ್ಷಣವೇ ಬರಬೇಕು ಎಂದು ತಾಯಿಗೆ ಬಿಡಿಸಿ ಹೇಳಿದರಂತೆ.

ಆಸ್ಪತ್ರೆಯಿಂದ ತಾಯಿ ಫೋನ್ ಮಾಡಿದರು. ಅವರು ಅಳಲಿಲ್ಲ. "ಒಂದೇ ಮಾತು ಹೇಳು ಡಾಕ್ಟ್ರಮ್ಮ. ಇವ್ಳು ನಾಳೆ ಬಗ್ಗಿ ಒಂದು ಬಿಂದ್ಗೆ ನೀರು ಎತ್ತಕ್ಕಾಯ್ತದಾ ಇಲ್ವಾ? ಮೆಡ್ಲು ಗಿಡ್ಲು ಆಮ್ಯಾಕೆ ನೋಡ್ಕಳಾನ" ಎಂದರು. ಆಗುತ್ತೆ, ಆದರೆ ಈಗ ಆಡಿದರೆ ನಾನು ಏನೂ ಹೇಳಲಾರೆ ಎಂದೆ.

ಅವತ್ತು ಸಂಜೆಯೇ ಸ್ಕೂಟರ್ ಹತ್ತಿ ತಳಿ ರಸ್ತೆಯಲ್ಲಿರುವ ಆ ಹಾಲಿಗೆ ಹೋದೆ. ದಾರಿಯುದ್ದಕ್ಕೂ ಏನೇನು ಬೈಯಬೇಕೆಂದು ಲೆಕ್ಕ ಹಾಕಿಕೊಂಡೇ ಹೋದೆ. ಅದು ಹಿಂದೆ ರೇಷ್ಮೆ ಹುಳು ಸಾಕುತ್ತಿದ್ದ ಉದ್ದನೆಯ ಮನೆ. ನೆಲಕ್ಕೆ ಹಳೆಯ ಮ್ಯಾಟು ಹಾಸಿದ್ದರು. ಕಿಟಕಿಯ ಕಂಬಿಗಳಿಗೆ ಸೈಕಲ್ ಟ್ಯೂಬು ಕಟ್ಟಿದ್ದರು. ಮಕ್ಕಳು ಕಿಟಕಿಗೆ ಮುಖ ಮಾಡಿ ನಿಂತು, ಟ್ಯೂಬು ಹಿಡಿದು, ಗಿರಕ್ಕನೆ ತಿರುಗಿ, ಬಗ್ಗಿ, ಹೆಗಲ ಮೇಲಿಂದ ಎಳೆಯುತ್ತಿದ್ದರು. ಎದುರಾಳಿಯನ್ನು ಬೆನ್ನಿನ ಮೇಲೆ ಏರಿಸಿಕೊಂಡು ಒಗೆಯುವ ಪಟ್ಟನ್ನು ಕಲಿಯಲು ಇದೇ ಅಭ್ಯಾಸ. ಬಾಗಿಲಲ್ಲಿ ನಿಂತು ನೋಡಿದೆ. ಇವನು ತಿರುಗಿದ್ದು ಎಡಕ್ಕೆ. ಅವಳು ತಿರುಗಿದ್ದು ಎಡಕ್ಕೆ. ಎಲ್ಲರೂ ಎಡಕ್ಕೇ. ಒಬ್ಬರಾದರೂ ಬಲಕ್ಕೆ ತಿರುಗುತ್ತಾರೇನೋ ಎಂದು ಬಹಳ ಹೊತ್ತು ಕಾದೆ. ಒಬ್ಬರೂ ತಿರುಗಲಿಲ್ಲ.

ಬಲಗೈ ಬಳಸುವವರಿಗೆ ಎಡಕ್ಕೆ ತಿರುಗುವುದು ಸುಲಭ, ನಿಜ. ಆದರೆ ಅಭ್ಯಾಸವನ್ನಾದರೂ ಎರಡೂ ಕಡೆಗೆ ಮಾಡಿಸಬೇಕು. ಪ್ರತಿದಿನ ಒಂದೇ ಕಡೆಗೆ ಬಗ್ಗಿ ತಿರುಚಿದರೆ ಒಂದು ಮಗ್ಗುಲಿನ ಸ್ನಾಯು ಬೆಳೆದು ಇನ್ನೊಂದು ಸೊರಗುತ್ತದೆ, ಭಾರವೆಲ್ಲ ತಳದ ಡಿಸ್ಕಿನ ಒಂದೇ ಮೂಲೆಯ ಮೇಲೆ ಬೀಳುತ್ತದೆ. ಹುಡುಗಿಯ ಬೆನ್ನಿನಲ್ಲಿ ನನ್ನ ಬೆರಳು ಇಳಿದುಹೋದ ಜಾಗ ಯಾಕೆ ಸೊರಗಿತ್ತೆಂದು ನನಗೆ ಆ ಬಾಗಿಲಲ್ಲೇ ಅರ್ಥವಾಯಿತು. ಕೋಚ್ ಎದ್ದು ಬಂದು ಕುರ್ಚಿ ಹಾಕಿಸಿದರು. ಕೂರದೆ ಕೇಳಿದೆ.

"ಎಲ್ರೂ ಎಡಕ್ಕೇ ಯಾಕೆ ಸಾರ್ ತಿರುಗೋದು?"

"ಬಲಗಡೆ ಸ್ಟ್ಯಾಂಡ್ ಅದಲ್ವಾ ಮೇಡಮ್. ಮೊಣಕೈ ಬಡೀತದೆ" ಎಂದರು.

ನೋಡಿದೆ. ಪ್ರತಿಯೊಂದು ಕಿಟಕಿಯ ಬಲಕ್ಕೂ ಹುಳುವಿನ ತಟ್ಟೆ ಇಡುತ್ತಿದ್ದ ಕಬ್ಬಿಣದ ಸ್ಟ್ಯಾಂಡು, ಗೋಡೆಗೆ ಸೇರಿಸಿ ಬೆಸುಗೆ ಹಾಕಿದ್ದು, ಹಾಗೇ ನಿಂತಿತ್ತು. ಹುಳು ಸಾಕುವುದು ನಿಂತು ಎಷ್ಟು ಕಾಲವಾಗಿತ್ತೋ. ಈ ಕೋಚ್ ಹುಡುಗನಾಗಿ ಇಲ್ಲೇ ಕಲಿಯುವಾಗಲೂ ಅದು ಅಲ್ಲೇ ಇತ್ತಂತೆ, ಅವರ ಕೋಚ್ ಕೂಡ ಎಡಕ್ಕೇ ತಿರುಗಿಸಿದ್ದರಂತೆ. ಸ್ಟ್ಯಾಂಡು ಕೀಳುವ ಬದಲು ಮಕ್ಕಳ ಬೆನ್ನನ್ನು ಸ್ಟ್ಯಾಂಡಿಗೆ ಹೊಂದಿಸಿದ್ದರು. ಯಾವುದೋ ಶಾಸ್ತ್ರವಿದೆ, ಜಪಾನಿನಿಂದ ಬಂದ ಪದ್ಧತಿಯಿದೆ ಎಂದಿದ್ದರೂ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಮಕ್ಕಳನ್ನು ಸಾಲಾಗಿ ಮಲಗಿಸಲು ಅನುಮತಿ ಕೇಳಿದೆ. ಕೋಚ್ ಬೇಡ ಎನ್ನಲಿಲ್ಲ. ಬಲಮಗ್ಗುಲಲ್ಲಿ ಸೊಂಟ ಎತ್ತಿ ಹಿಡಿಯಲು ಹೇಳಿದೆ, ಎಲ್ಲರೂ ಹಿಡಿದರು. ಎಡಮಗ್ಗುಲಿಗೆ ಹೇಳಿದೆ. ದೊಡ್ಡವರು ಮೊದಲು ಕುಸಿದರು. ಹೆಚ್ಚು ವರ್ಷ ಕಲಿತಷ್ಟೂ ಬೇಗ ಕುಸಿದರು. ಈಚೆಗೆ ಸೇರಿದ ಚಿಕ್ಕವರು ಮಾತ್ರ ನಗುತ್ತಾ ಎರಡೂ ಕಡೆ ಸಮನಾಗಿ ಹಿಡಿದುಕೊಂಡಿದ್ದರು. ಇನ್ನೂ ಕಲಿಯದವರ ಬೆನ್ನು ಸರಿಯಾಗಿತ್ತು!

ನೋಡಿದ್ರಾ ಸಾರ್ ಎಂದೆ. ಅವರು ನೋಡಿದ್ದರು. ಮುಖ ಬಿಗಿಯಿತು.

"ನಾನೂ ಇಲ್ಲೇ ಇಂಗೇ ಆಡಿದ್ದು ಮೇಡಮ್. ನಂಗೇನಾಗದೆ?" ಎಂದರು. ಹಾಗೆನ್ನುವಾಗ ಅವರ ಎಡಗೈ ಕಿಟಕಿಯ ಅಂಚನ್ನು ಹಿಡಿದಿತ್ತು. ಕುರ್ಚಿಯಿಂದ ಏಳುವಾಗಲೂ ಅವರು ಅದನ್ನು ಹಿಡಿದೇ ಎದ್ದಿದ್ದರು.

ಆ ಮನುಷ್ಯ ಕೆಟ್ಟವರಾಗಿದ್ದರೆ ನನಗೆ ಬೈಯುವುದು ಸುಲಭವಾಗುತ್ತಿತ್ತು. ಬೆಳಿಗ್ಗೆಯೆಲ್ಲ ಶಾಲೆಯಲ್ಲಿ ಪಿ.ಟಿ. ಮಾಸ್ಟರು, ಸಂಜೆ ಇಲ್ಲಿ ಪುಕ್ಕಟೆ ತರಬೇತಿ. ಅಂಚೆಟ್ಟಿ ಕಡೆ ಬಸ್ಸು ತಪ್ಪಿದ ಮಕ್ಕಳನ್ನು ತಮ್ಮ ಬೈಕಿನಲ್ಲೇ ಮನೆ ಸೇರಿಸುತ್ತಾರೆ. ಮಕ್ಕಳು ಅವರಿಗಾಗಿ ಪ್ರಾಣ ಕೊಡುತ್ತವೆ. ನನ್ನ ಸಿಟ್ಟಿರುವುದೇ ಅಲ್ಲಿ. ಪ್ರಾಣ ಕೊಡಲು ಸಿದ್ಧವಿರುವ ಮಕ್ಕಳ ಹತ್ತಿರ ಸೊಂಟ ಕೇಳಬಾರದು.

ಹೆಬ್ಬೆರಳಿನ ವಿಷಯ ಹೇಳಿದೆ. ಅವರು ಒಂದು ಇಂಜೆಕ್ಷನ್ ಹಾಕಿಸಿದರೆ ಆ ದಿನ ಆಡಬಹುದಲ್ಲ ಎಂದರು. ಇಲ್ಲ ಎಂದೆ. ಅವಳಿಗೆ ಸೀಟು ಹೋಗುತ್ತದೆ ಮೇಡಮ್, ಅವಳ ಅಮ್ಮನ ಥರ ಹೂ ಕಟ್ ಮಾಡಿಕೊಂಡಿರಬೇಕಾ ಎಂದರು. ಆ ಮಾತು ನನಗೂ ನಾಟಿತು. ಆದರೂ ಇಲ್ಲ ಎಂದೆ. ಹಾಗಾದರೆ ಬೆಲ್ಟು ವಾಪಸ್ ಕಳಿಸಿ ಎಂದರು. ಅವಳ ಬದಲು ಆಯ್ಕೆಗೆ ಹೋಗುವ ಹುಡುಗಿಗೂ ಸೊಂಟ ಹಿಡಿದುಕೊಂಡಿತ್ತಂತೆ. ಆ ಹುಡುಗಿ ಅಲ್ಲೇ ನಿಂತಿದ್ದಳು. ಬೆಲ್ಟಿನ ಮಾತು ಬಂದದ್ದೇ ಅವಳ ಮುಖ ಅರಳಿತು. ಆ ಮುಖ ನೋಡಿದ ಮೇಲೆ ನಾನು ಗಟ್ಟಿಯಾದೆ.

"ಬೆಲ್ಟು ಕೊಡಲ್ಲ ಸಾರ್" ಎಂದೆ.

"ನಂದು ಮೇಡಮ್ ಅದು."

"ಗೊತ್ತು. ಕೊಡಲ್ಲ."

ಇನ್ನೊಬ್ಬರ ವಸ್ತುವನ್ನು ಹೀಗೆ ಹಿಡಿದಿಟ್ಟುಕೊಳ್ಳುವುದು ತಪ್ಪು ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅಂಗಡಿಯಲ್ಲಿ ಅಂಥ ಬೆಲ್ಟು ಬೇಕಾದಷ್ಟು ಸಿಗುತ್ತವೆ ಎಂದೂ ಗೊತ್ತಿತ್ತು. ಆದರೆ ಅಂಗಡಿಯ ಬೆಲ್ಟಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಅದು ನೋವಿದ್ದಾಗ ನಾಲ್ಕು ದಿನ ಕಟ್ಟಿ ಬಿಸಾಕುವ ಬಟ್ಟೆ. ಇದು ಹಾಗಲ್ಲ. ಇದನ್ನು ನನ್ನ ಕಪಾಟಿನಿಂದ ಹೊರಗೆ ಬಿಡಬಾರದೆಂದು ಆ ಹಾಲಿನ ಬಾಗಿಲಲ್ಲೇ ತೀರ್ಮಾನಿಸಿದೆ.

ಅದರ ಫಲವೂ ಸಿಕ್ಕಿತು. ಮಕ್ಕಳ ತಂದೆತಾಯಿಯರ ಬಾಯಲ್ಲಿ ನಾನು ಹುಡುಗಿಯ ಭವಿಷ್ಯ ಹಾಳುಮಾಡಿದವಳಾದೆ, ಕೋಚ್‌ಗೆ ಅವಮಾನ ಮಾಡಿದವಳಾದೆ, ಬೆಲ್ಟು ಕದ್ದವಳೂ ಆದೆ. ಕೆಳಗಿನ ಔಷಧದಂಗಡಿಯವರು ಕೂಡ, ಯಾಕೆ ಮೇಡಮ್ ನಮಗೆ ಊರ ಉಸಾಬರಿ ಎಂದರು. ಬೆನ್ನು ನೋಡುವುದೇ ನನ್ನ ಕೆಲಸವಾಗಿರುವಾಗ ಬೆನ್ನು ಕೆಡಿಸುವುದನ್ನು ಕೇಳಿದರೆ ಉಸಾಬರಿಯಂತೆ.

ಎಲ್ಲರಿಗಿಂತ ಹೆಚ್ಚು ಸಿಟ್ಟಾಗಿದ್ದವಳು ಹುಡುಗಿಯೇ. ನಡೆಯುವಷ್ಟು ಆದ ಮೇಲೆ ಬಂದು, ಬಾಗಿಲಲ್ಲೇ ನಿಂತು ಬೆಲ್ಟು ಕೇಳಿದಳು. "ನಂದಲ್ಲ, ನಿಮ್ದೂ ಅಲ್ಲ. ಸಾರ್ ನನ್ನ ನಂಬಿ ಕಟ್ಟಿದ್ರು. ನಾನು ಯಾವ ಮುಖ ಇಕ್ಕೊಂಡು ಅಲ್ಲಿಗೆ ಹೋಗ್ಲಿ?" ಎಂದಳು. ಒಳಗೆ ಬಾ ಎಂದೆ. ಅಲ್ಲಿಯ ತನಕ ಡಾಕ್ಟರು ತಾಯಿಗೆ ಹೇಳಿದ್ದರು, ಕೋಚ್ ನನಗೆ ಹೇಳಿದ್ದರು, ನಾನು ಕೋಚ್‌ಗೆ ಹೇಳಿದ್ದೆ. ಬೆನ್ನಿನ ಒಡತಿಯನ್ನು ಕೂರಿಸಿಕೊಂಡು ಮಾತಾಡಿದವರು ಯಾರೂ ಇರಲಿಲ್ಲ. ಫಿಲ್ಮನ್ನು ಅವಳ ಕೈಗೇ ಕೊಟ್ಟು ಕಿಟಕಿಗೆ ಹಿಡಿಸಿದೆ. ಬೆಳ್ಳಗಿರುವುದು ಯಾವುದು, ಕಪ್ಪಗಿರುವುದು ಯಾವುದು, ಎಲ್ಲಿ ಉಬ್ಬಿದೆ, ಅಲ್ಲಿಂದ ಹೊರಟ ನರ ಯಾವ ಬೆರಳಿಗೆ ಹೋಗುತ್ತದೆ, ಎಲ್ಲ ತೋರಿಸಿದೆ. ಕಪ್ಪಾದದ್ದು ಮತ್ತೆ ಬೆಳ್ಳಗಾಗುವುದಿಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳಿದೆ. ಅದರ ಸುತ್ತಲಿನ ಸ್ನಾಯುಗಳನ್ನು ಕಟ್ಟಬಹುದು, ಕಟ್ಟಿದರೆ ಆಡಲೂಬಹುದು, ಆದರೆ ಈ ಆಯ್ಕೆಗೆ ಆಗುವುದಿಲ್ಲ, ಮುಂದಿನ ವರ್ಷಕ್ಕೂ ನಾನು ಮಾತು ಕೊಡಲಾರೆ ಎಂದೆ. ಸೀಟು ಹೋಗುತ್ತದೆ ಎಂದೂ ನಾನೇ ಹೇಳಿದೆ.

ಆಮೇಲೆ ಕಪಾಟಿನಿಂದ ಬೆಲ್ಟು ತೆಗೆದು ಅವಳ ಮುಂದಿಟ್ಟು, ಹೆಬ್ಬೆರಳು ಎತ್ತು ಎಂದೆ. ಎಡದ್ದು ಅರ್ಧಕ್ಕೇ ನಿಂತಿತು. ಈಗ ಬೆಲ್ಟು ಕಟ್ಟಿಕೊಂಡು ಎತ್ತು ಎಂದೆ. ಕಟ್ಟಿಕೊಂಡಳು. ಬೆರಳು ಅಷ್ಟೇ ಎದ್ದಿತು. ಇನ್ನೂ ಬಿಗಿ ಎಂದೆ. ಬಿಗಿದಳು. ಅಷ್ಟೇ. ಬೆರಳನ್ನು ತಾನಾಗಿಯೇ ಇನ್ನೊಂದು ಸಲ ಎತ್ತಿ ನೋಡಿದಳು. ಕೊನೆಗೆ ಬೆಲ್ಟು ಬಿಚ್ಚಿ, ಅದೇ ಮೊದಲಿನಂತೆ ನೀಟಾಗಿ ಸುತ್ತಿ, ತಾನೇ ಕಪಾಟಿನಲ್ಲಿಟ್ಟಳು. ಆಯ್ಕೆಗೆ ಹೋಗಲ್ಲ ಮೇಡಮ್, ಸಾರ್‌ಗೆ ನಾನೇ ಫೋನ್ ಮಾಡ್ತೀನಿ ಎಂದಳು. ಮಾಡಿದಳು ಕೂಡ, ನನ್ನೆದುರೇ. ಆ ಕಡೆಯಿಂದ ಏನು ಉತ್ತರ ಬಂತೋ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಸೇಲಂನ ಸೀಟು ಹೋಯಿತು. ಪರೀಕ್ಷೆಯ ಅಂಕದ ಮೇಲೆ ಇಲ್ಲೇ ಹೊಸೂರಿನ ಕಾಲೇಜಿಗೆ ಸೇರಿದಳು. ಅವಳ ಬದಲು ಹೋದ ಹುಡುಗಿ ಜಿಲ್ಲೆಯಲ್ಲಿ ಗೆದ್ದು, ರಾಜ್ಯದಲ್ಲಿ ಸೋತು, ಬಸ್ಸಿನಲ್ಲಿ ಕೂರಲಾಗದೆ ಮಲಗಿಕೊಂಡು ಊರಿಗೆ ಬಂದಳು. ಅವಳೂ ಈಗ ನನ್ನ ಹತ್ತಿರವೇ ಬರುತ್ತಾಳೆ. ಅವಳದೂ ಎಡಗಡೆಯೇ.

ಬೆಲ್ಟು ಇಟ್ಟುಹೋದ ಹುಡುಗಿಯ ಜೊತೆ ನನ್ನ ಕೆಲಸ ಮೊದಲಿಂದ ಶುರುವಾಯಿತು. ಮತ್ತೆ ಬಿಪಿ ಪಟ್ಟಿ, ಮತ್ತೆ ಮುಳ್ಳು. ಹೆಬ್ಬೆರಳು ಆಷಾಢ ಕಳೆದ ಮೇಲೆ ನನ್ನ ಬೆರಳಿಗೆ ಎದುರು ನಿಲ್ಲತೊಡಗಿತು, ದಸರೆಯ ಹೊತ್ತಿಗೆ ಎರಡೂ ಸಮವಾದವು. ಆಗ ನಿಂತು ಮಾಡುವ ಕೆಲಸಗಳಿಗೆ ಬಂದೆವು. ಬಾಗಿಲ ಚಿಲಕಕ್ಕೆ ರಬ್ಬರ್ ಪಟ್ಟಿ ಕಟ್ಟಿ, ಅದು ಪಕ್ಕಕ್ಕೆ ಎಳೆಯುತ್ತಿದ್ದರೂ ಮೈ ತಿರುಗದಂತೆ ನಿಲ್ಲುವುದು. ಆಮೇಲೆ ತಿರುಗುವುದು, ಸೊಂಟದಿಂದಲ್ಲ, ಪಾದ ಮತ್ತು ತೊಡೆಯಿಂದ. ಬಲಕ್ಕೆ ತಿರುಗುವಾಗ ಮೊದಮೊದಲು ಹೆಜ್ಜೆ ಕಲಿಯುವ ಮಗುವಿನ ಹಾಗೆ ತಡವರಿಸುತ್ತಿದ್ದಳು. ಬಿದ್ದು ಎದ್ದು ನಗುತ್ತಿದ್ದಳು. ಯಾವತ್ತೂ ಆ ಕಡೆಗೆ ತಿರುಗಿರಲೇ ಇಲ್ಲ ನೋಡಿ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಬಂದು, ಬೆಲ್ಟು ಕೊಡಿ ಮೇಡಮ್ ಎಂದಳು. ನನಗೆ ಪಿತ್ತ ನೆತ್ತಿಗೇರಿತು. ಇಷ್ಟೆಲ್ಲ ಆದ ಮೇಲೂ! ಅವಳು ನನ್ನ ಮುಖ ನೋಡಿ ನಕ್ಕು, ನೀವೂ ಬನ್ನಿ ಎಂದಳು. ಬೆಲ್ಟು ತೆಗೆದು ಅವಳ ಬ್ಯಾಗಿಗೆ ಹಾಕಿ, ಅವಳನ್ನು ಹಿಂದೆ ಕೂರಿಸಿಕೊಂಡು ಸ್ಕೂಟರಿನಲ್ಲಿ ಹೊರಟೆ. ದಾರಿಯಲ್ಲಿ ಎಷ್ಟು ಕೇಳಿದರೂ ಬಾಯಿಬಿಡಲಿಲ್ಲ.

ತರಬೇತಿಯ ಹಾಲು ಹಾಗೇ ಇತ್ತು. ಸ್ಟ್ಯಾಂಡುಗಳೂ ಹಾಗೇ ಇದ್ದವು. ಕೋಚ್ ನನ್ನನ್ನು ನೋಡಿ ತಲೆಯಾಡಿಸಿದರು. ಹುಡುಗಿ ಚಪ್ಪಲಿ ಬಿಟ್ಟು, ಮ್ಯಾಟಿಗೆ ನಮಸ್ಕರಿಸಿ, ಒಂದು ಕಿಟಕಿಯ ಟ್ಯೂಬು ಬಿಚ್ಚಿಕೊಂಡು ಹೋಗಿ ಹಾಲಿನ ನಡುವಿನ ಕಂಬಕ್ಕೆ ಕಟ್ಟಿದಳು. ಅಲ್ಲಿ ಎರಡೂ ಕಡೆ ಜಾಗವಿತ್ತು. ಎಡಕ್ಕೊಂದು ಸಲ ತಿರುಗಿದಳು, ಬಲಕ್ಕೊಂದು ಸಲ ತಿರುಗಿದಳು. ಬೆನ್ನು ನೆಟ್ಟಗಿತ್ತು. ಮಕ್ಕಳೆಲ್ಲ ತಮ್ಮ ತಮ್ಮ ಟ್ಯೂಬು ಬಿಟ್ಟು ನೋಡುತ್ತಾ ನಿಂತರು. ಇಷ್ಟು ವರ್ಷ ಆ ಕಂಬ ಅಲ್ಲೇ ಇತ್ತಲ್ಲ ಎಂದು ನೆನೆದರೆ ಈಗಲೂ ನನ್ನ ಹೊಟ್ಟೆ ಉರಿಯುತ್ತದೆ.

ಆಮೇಲೆ ಬ್ಯಾಗಿನಿಂದ ಬೆಲ್ಟು ತೆಗೆದು ಕೋಚ್ ಮುಂದೆ ಹಿಡಿದಳು. ಅವರು ತೆಗೆದುಕೊಳ್ಳಲು ಕಿಟಕಿ ಹಿಡಿದು ಎದ್ದರು. ಎದ್ದದ್ದನ್ನು ಅವಳು ನೋಡಿದಳು, ನಾನೂ ನೋಡಿದೆ.

"ನೀವೇ ಇಕ್ಕೊಳಿ ಸಾರ್" ಎಂದಳು, ಮೆಲ್ಲಗೆ. "ನೀವು ಏಳಕ್ಕೆ ಕಷ್ಟಪಡ್ತೀರ. ಮೇಡಮ್ ತಾವ ಒಂದ್ ದಪ ಬನ್ನಿ, ನಾನೂ ಜೊತ್ಗೆ ಬತ್ತೀನಿ."

ಅವರು ಒಣ್ಣುಮಿಲ್ಲೆ ಎನ್ನಲು ಬಾಯಿ ತೆರೆದರು. ಮಾತು ಅರ್ಧದಲ್ಲೇ ನಿಂತಿತು. ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅದರ ಬಣ್ಣ ಬಣ್ಣದ ಹೊಲಿಗೆ ನೋಡುತ್ತಾ ಕುರ್ಚಿಯಲ್ಲಿ ಕೂತುಬಿಟ್ಟರು.

ಮಕ್ಕಳ ಸಾಲಿನಿಂದ ಒಬ್ಬ ಚಿಕ್ಕ ಹುಡುಗಿ, ಹಾಲಿಗೆ ಸೇರಿ ವರ್ಷವೂ ಆಗಿರದವಳು, ಹತ್ತಿರ ಬಂದು ಅವಳ ಕೈ ಜಗ್ಗಿದಳು.

"ಈಗ ಯಾರ್ಗಕ್ಕಾ ಸಾರ್ ಬೆಲ್ಟು?"

"ಯಾರ್ಗೂ ಇಲ್ಲ ಕಣೇ" ಎಂದಳು. ಆಮೇಲೆ ಆ ಮಗುವಿನ ಹೆಗಲು ಹಿಡಿದು ಕಂಬದ ಹತ್ತಿರ ಕರೆದುಕೊಂಡು ಹೋಗಿ, ಟ್ಯೂಬನ್ನು ಕೈಗೆ ಕೊಟ್ಟು, ಬಲಕ್ಕೆ ತಿರುಗಿಸಿ ನಿಲ್ಲಿಸಿದಳು.